ದೇಶದ ದುಡಿಮೆ ನಿಂತಿದ್ದಾಗಲೂ ಷೇರುಪೇಟೆ ಏರಿದ್ದು ಹೇಗೆ?

2020ರಲ್ಲಿ ಲಾಕ್‌ಡೌನ್‌ನಿಂದ ಅಂಗಡಿ, ಕಾರ್ಖಾನೆ ಎಲ್ಲ ಬಾಗಿಲು ಹಾಕಿದ್ದರೂ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಏರಿತಲ್ಲ, ಅದರಲ್ಲಿ ಆರ್‌ಬಿಐ ಪಾತ್ರ ಏನು ಎಂದು ಕೇಳಿದ್ದೀರಿ. ನನ್ನ ಪ್ರಕಾರ ಅದರದ್ದೇ ದೊಡ್ಡ ಪಾತ್ರ.

ಆ ವರ್ಷದ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಕ ಬಿದ್ದು 26,000ದ ಕೆಳಗಿಳಿಯಿತು. ನಮ್ಮ ಪೇಟೆ ಮುಚ್ಚಿದ ಮೇಲೆ, ಅದೇ ಸಂಜೆ, ಎಷ್ಟು ಬೇಕಾದರೂ ಬಾಂಡ್ (ಸಾಲಪತ್ರ) ಕೊಳ್ಳುತ್ತೇವೆ, ಅಂದರೆ ಪೇಟೆಗೆ ಹಣ ಹರಿಸುತ್ತೇವೆ ಎಂದು ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಘೋಷಿಸಿತು. ನಾಲ್ಕು ದಿನದ ನಂತರ ಆರ್‌ಬಿಐ ರೆಪೊ ದರವನ್ನು (ತಾನು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿ) ಶೇ 5.15ರಿಂದ 4.40ಕ್ಕೆ, ಸಿಆರ್‌ಆರ್ ಅನ್ನು (ಬ್ಯಾಂಕುಗಳು ತಮ್ಮ ಠೇವಣಿಯಲ್ಲಿ ಆರ್‌ಬಿಐ ಬಳಿ ಇಡಲೇಬೇಕಾದ ಪಾಲು) ಶೇ 4ರಿಂದ 3ಕ್ಕೆ ಇಳಿಸಿತು. ಸಿಆರ್‌ಆರ್ ಇಳಿಕೆಯೊಂದರಿಂದಲೇ ಬ್ಯಾಂಕುಗಳ ಕೈಗೆ 1.37 ಲಕ್ಷ ಕೋಟಿ ರೂಪಾಯಿ ಬಂತು. ಏಪ್ರಿಲ್-ಜೂನ್‌ನಲ್ಲಿ ಜಿಡಿಪಿ ಸುಮಾರು ಕಾಲು ಭಾಗ ಕುಗ್ಗಿತು. ಆದರೂ 2021ರ ಜನವರಿಯಲ್ಲಿ ಸೆನ್ಸೆಕ್ಸ್ 50,000 ಮುಟ್ಟಿತು.

ಹೀಗಾಗಲು ಮೊದಲ ಕಾರಣ ಶುದ್ಧ ಲೆಕ್ಕ. ಒಂದು ಕಂಪನಿ ಹತ್ತು ವರ್ಷದ ನಂತರ ಗಳಿಸುವ 100 ರೂಪಾಯಿಗೆ ಶೇ 8ರ ಬಡ್ಡಿ ಹಿಡಿದರೆ ಇವತ್ತಿನ ಬೆಲೆ 46 ರೂಪಾಯಿ; ಅಂದರೆ ಇವತ್ತು 46 ರೂಪಾಯಿ ಆ ಬಡ್ಡಿಗೆ ಇಟ್ಟರೆ ಹತ್ತು ವರ್ಷಕ್ಕೆ 100 ಆಗುತ್ತದೆ. ಶೇ 5 ಹಿಡಿದರೆ 61. ಗಳಿಕೆ ಒಂದು ಪೈಸೆ ಹೆಚ್ಚದಿದ್ದರೂ ಷೇರಿನ ಬೆಲೆ ಏರುವುದಕ್ಕೆ ಇಷ್ಟು ಸಾಕು. ಎರಡನೆಯದು, ದುಡ್ಡಿಗೆ ಬೇರೆ ದಾರಿ ಇರಲಿಲ್ಲ. ದೊಡ್ಡ ಬ್ಯಾಂಕುಗಳ ಒಂದು ವರ್ಷದ ಎಫ್‌ಡಿಗೆ ಶೇ 5ರ ಆಸುಪಾಸು ಬಡ್ಡಿ. ಅಕ್ಟೋಬರ್ ಹೊತ್ತಿಗೆ ಹಣದುಬ್ಬರ ಶೇ 7 ದಾಟಿತ್ತು. ಅಂದರೆ ಬ್ಯಾಂಕಿನಲ್ಲಿಟ್ಟ ಹಣ ಕರಗುತ್ತಿತ್ತು. ಬಡ್ಡಿಯನ್ನೇ ನಂಬಿದ್ದ ನಿವೃತ್ತರಿಗೆ ಇದು ದೊಡ್ಡ ಅನ್ಯಾಯ. ಪೇಟೆಯ ಸಂಭ್ರಮದಲ್ಲಿ ಅವರ ಮಾತು ಯಾರಿಗೂ ಕೇಳಿಸಲಿಲ್ಲ. ಉಳಿದವರು ಷೇರಿನತ್ತ ಹೊರಳಿದರು. ಎರಡು ವರ್ಷದಲ್ಲಿ, ಷೇರು ಇಟ್ಟುಕೊಳ್ಳಲು ಬೇಕಾದ ಡಿಮ್ಯಾಟ್ ಖಾತೆಗಳು ದುಪ್ಪಟ್ಟಿಗೂ ಹೆಚ್ಚಾದವು.

ಇದೆಲ್ಲ ತಿರುಗುಮುರುಗಾಗಿದ್ದು 2022ರಲ್ಲಿ. ಮೇ 4ರ ಮಧ್ಯಾಹ್ನ, ಯಾರೂ ನಿರೀಕ್ಷಿಸದ ಹೊತ್ತಲ್ಲಿ, ಆರ್‌ಬಿಐ ರೆಪೊ ದರವನ್ನು ಶೇ 0.40, ಸಿಆರ್‌ಆರ್ ಅನ್ನು ಶೇ 0.50 ಏರಿಸಿತು. ಸೆನ್ಸೆಕ್ಸ್ ಆ ದಿನ 1,300 ಅಂಕ ಕಳೆದುಕೊಂಡಿತು. ಅಮೆರಿಕದಲ್ಲೂ ಬಡ್ಡಿ ಏರುತ್ತಿದ್ದರಿಂದ ಆ ವರ್ಷದ ಮೊದಲ ಆರು ತಿಂಗಳಲ್ಲಿ ವಿದೇಶಿ ಹೂಡಿಕೆದಾರರು ನಮ್ಮ ಪೇಟೆಯಿಂದ 2 ಲಕ್ಷ ಕೋಟಿಗೂ ಹೆಚ್ಚು ಹಣ ತೆಗೆದರು. ಪೇಟೆ ಇನ್ನೂ ಕೆಳಗಿಳಿಯದಂತೆ ತಡೆದದ್ದು ತಿಂಗಳು ತಿಂಗಳು ಎಸ್‌ಐಪಿ (ಮ್ಯೂಚುವಲ್ ಫಂಡ್‌ನ ಕಂತು) ಕಟ್ಟುವ ನಮ್ಮವರೇ.

ಹಾಗಂತ ‘ಬಡ್ಡಿ ಇಳಿಯಿತು, ಷೇರು ಕೊಳ್ಳೋಣ’ ಎಂದು ಹೊರಡಬೇಡಿ. 2008ರ ಅಕ್ಟೋಬರ್‌ನಿಂದ ಆರು ತಿಂಗಳೊಳಗೆ ಆರ್‌ಬಿಐ ರೆಪೊವನ್ನು ಶೇ 9ರಿಂದ 5ಕ್ಕೆ ತಂದರೂ ಸೆನ್ಸೆಕ್ಸ್ ಮರುವರ್ಷದ ಮಾರ್ಚ್‌ವರೆಗೆ ತೆವಳುತ್ತಲೇ ಇತ್ತು. ಭಯ ಇರುವಷ್ಟು ದಿನ ಬ್ಯಾಂಕುಗಳು ಸಾಲ ಕೊಡುವುದಿಲ್ಲ, ಹೂಡಿಕೆದಾರರು ಕೈ ಬಿಚ್ಚುವುದಿಲ್ಲ. ನಾನಂತೂ ರೆಪೊ ದರದ ಜೊತೆಗೆ, ಬ್ಯಾಂಕುಗಳ ಬಳಿ ಹೆಚ್ಚುವರಿ ಹಣ ಇದೆಯೋ ಕೊರತೆ ಇದೆಯೋ ಎಂದೂ ನೋಡುತ್ತೇನೆ. ಆರ್‌ಬಿಐ ವೆಬ್‌ಸೈಟಿನಲ್ಲಿ ‘ಮನಿ ಮಾರ್ಕೆಟ್ ಆಪರೇಷನ್ಸ್’ ಎಂಬ ಪ್ರಕಟಣೆ ತೆರೆದರೆ ಆ ಅಂಕಿ ಸಿಗುತ್ತದೆ.