ಕಡಿಮೆ ಯೂರಿಯಾದಲ್ಲಿ ಬರುವ ಗೋವಿನಜೋಳವನ್ನು ಸಸಿಯಲ್ಲೇ ಗುರುತಿಸಬಹುದಾ?

ಹಾವೇರಿ ಕಡೆ ಗೋವಿನಜೋಳ ಹಾಕುತ್ತೀರಿ, ಅಂಗಡಿಯಲ್ಲಿ ನಾಲ್ಕೈದು ಹೈಬ್ರಿಡ್ ಸಿಗುತ್ತವೆ, ಅವುಗಳಲ್ಲಿ ಕಡಿಮೆ ಯೂರಿಯಾಕ್ಕೂ ಚೆನ್ನಾಗಿ ಬರುವುದು ಯಾವುದು ಅಂತ ಸಸಿಯಲ್ಲೇ ತಿಳಿಯುತ್ತಾ ಅಂತ ಕೇಳಿದ್ದೀರಿ. ಧಾರವಾಡದಲ್ಲಿ ತಳಿ ಪರೀಕ್ಷೆಯ ಕೆಲಸ ಮಾಡುವವನಾಗಿ ಹೇಳುತ್ತೇನೆ: ಯಾವುದು ಬೇಡ ಅನ್ನೋದು ಸಸಿಯಲ್ಲಿ ಗೊತ್ತಾಗುತ್ತದೆ. ಯಾವುದು ಬೇಕು ಅನ್ನೋದಕ್ಕೆ ಹೊಲಕ್ಕೇ ಇಳಿಯಬೇಕು.

ಸಸಿ ಪರೀಕ್ಷೆಯನ್ನು ಕುಂಡದಲ್ಲಿ ಮಾಡಿ. ಕುಂಡಕ್ಕೆ ಹೊಲದ ಎರೆ ಮಣ್ಣು ಬೇಡ. ಅದರಲ್ಲೇ ಒಂದಿಷ್ಟು ಸಾರಜನಕ, ಅಂದರೆ ಯೂರಿಯಾದಿಂದ ಬೆಳೆಗೆ ಸಿಗುವ ಪೋಷಕಾಂಶ, ಇರುತ್ತದೆ. ಮೇಲಾಗಿ ಸಸಿ ಕಿತ್ತಾಗ ಸಣ್ಣ ಬೇರೆಲ್ಲ ಮಣ್ಣಲ್ಲೇ ಉಳಿಯುತ್ತದೆ. ಚೆನ್ನಾಗಿ ತೊಳೆದ ಮರಳು ಹಾಕಿ, ಸ್ವಲ್ಪ ಜಿಪ್ಸಂ ಕಲಸಿ. ಪ್ರತಿ ತಳಿಗೂ ಎರಡು ಗುಂಪು ಮಾಡಿ. ಒಂದಕ್ಕೆ ಪೂರ್ತಿ ಸಾರಜನಕ, ಇನ್ನೊಂದಕ್ಕೆ ಅದರ ಹತ್ತನೇ ಒಂದು ಪಾಲು. ಇಲ್ಲಿ ಯೂರಿಯಾ ಬೇಡ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ಕೊಡಬೇಕು, ತೊಳೆದ ಮರಳಲ್ಲಿ ಅವು ಕಡಿಮೆ. ಡ್ರಿಪ್‌ಗೆ ಬಿಡುವ ಕ್ಯಾಲ್ಸಿಯಂ ನೈಟ್ರೇಟ್ ಬಳಸಿ. 0:52:34 (ಸಾರಜನಕ ಇಲ್ಲದ, ರಂಜಕ-ಪೊಟ್ಯಾಷ್ ಇರುವ ನೀರಲ್ಲಿ ಕರಗುವ ಗೊಬ್ಬರ), ಮೆಗ್ನೀಸಿಯಂ ಸಲ್ಫೇಟ್, ಲಘು ಪೋಷಕಾಂಶ ಎರಡೂ ಗುಂಪಿಗೆ ಸಮ ಇರಲಿ. ಕ್ಯಾಲ್ಸಿಯಂ ನೈಟ್ರೇಟನ್ನು ಮಾತ್ರ ಇವುಗಳ ಜೊತೆ ಒಂದೇ ಕ್ಯಾನಿನಲ್ಲಿ ಕಲಸಬೇಡಿ, ತಳದಲ್ಲಿ ಬಿಳಿ ಗಸಿ ಕೂರುತ್ತದೆ.

ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಬೀಜದಿಂದ. ಸುಮಾರು ಮೂರು ಎಲೆ ಬರುವವರೆಗೂ ಸಸಿ ಬೀಜದೊಳಗಿನ ಬುತ್ತಿಯನ್ನೇ ಉಣ್ಣುತ್ತಿರುತ್ತದೆ. ಬೀಜ ದಪ್ಪ ಇದ್ದರೆ ಸಸಿಯೂ ಜೋರು. ಅದು ತಳಿಯ ಗುಣ ಅಲ್ಲ, ಕಾಳಿನ ತೂಕ ಅಷ್ಟೇ. ಹಾಗಾಗಿ ಒಂದೇ ತೂಕದ ಬೀಜ ಆರಿಸಿ. ಹತ್ತು ದಿನಕ್ಕೇ ತೀರ್ಪು ಕೊಡಬೇಡಿ, ಮೂರು-ನಾಲ್ಕು ವಾರ ಬಿಡಿ.

ಆ ಹೊತ್ತಿಗೆ ಸಾರಜನಕ ಕಡಿಮೆ ಇರುವ ಗುಂಪಲ್ಲಿ ಕೆಳಗಿನ ಎಲೆ ತುದಿಯಿಂದ ಹಳದಿಯಾಗಿ, ನಡುನರದ ಗುಂಟ ವಿ ಆಕಾರದಲ್ಲಿ ಕೆಳಗಿಳಿಯುತ್ತದೆ. ಯಾವ ತಳಿಯಲ್ಲಿ ಇದು ಮೊದಲು ಬಂತು ಅಂತ ಬರೆದಿಡಿ. ಆಮೇಲೆ ಕಿತ್ತು, ನೀರಲ್ಲಿ ಅಲುಗಾಡಿಸಿ ಮರಳು ಬಿಡಿಸಿ, ಬೇರು ಮತ್ತು ಮೇಲಿನ ಭಾಗ ಬೇರೆ ಮಾಡಿ ಒಣಗಿಸಿ ತೂಗಿ. ಉದ್ದ ಬೇರು ನೋಡಿ ಖುಷಿಪಡಬೇಡಿ. ಸಾರಜನಕ ಸಾಲದಿದ್ದರೆ ಗಿಡ ಬೇರಿಗೇ ಜಾಸ್ತಿ ಸುರಿಯುತ್ತದೆ, ಅದು ಹಸಿವಿನ ಲಕ್ಷಣವೂ ಹೌದು.

ಇನ್ನೊಂದು ಮಾತು. 'ಕಡಿಮೆ ಕೊಟ್ಟರೂ ಶೇಕಡಾ ಇಷ್ಟು ಬೆಳೆಯಿತು' ಅನ್ನೋ ಲೆಕ್ಕವನ್ನಷ್ಟೇ ನಂಬಬೇಡಿ. ಗೊಬ್ಬರ ಕೊಟ್ಟರೂ ಬೆಳೆಯದ ಸೋಮಾರಿ ತಳಿಗೆ ಈ ಲೆಕ್ಕದಲ್ಲಿ ಒಳ್ಳೆ ಅಂಕ ಬರುತ್ತದೆ! ಎರಡೂ ಗುಂಪಿನ ತೂಕ ನೋಡಿ, ಎರಡರಲ್ಲೂ ಹಿಂದೆ ಬಿದ್ದದ್ದನ್ನು ಬಿಟ್ಟುಬಿಡಿ.

ಉಳಿದ ಎರಡು-ಮೂರನ್ನು ಹೊಲದಲ್ಲಿ ಹಾಕಿ. ಗೋವಿನಜೋಳ ಹೆಚ್ಚಿನ ಸಾರಜನಕ ಹೀರುವುದು ಮೊಣಕಾಲೆತ್ತರದಿಂದ ಸೂಲಂಗಿ ಬರುವ ಹೊತ್ತಿನವರೆಗೆ. ಹೀರಿದ್ದನ್ನು ಎಲೆಯಿಂದ ಕಾಳಿಗೆ ಎಷ್ಟು ಸಾಗಿಸುತ್ತದೆ ಅನ್ನೋದು ಕುಂಡದಲ್ಲಿ ಕಾಣುವುದಿಲ್ಲ, ಅಲ್ವಾ? ಪ್ರತಿ ತಳಿಯಲ್ಲಿ ಕೆಲವು ಸಾಲಿಗೆ ಪೂರ್ತಿ ಮೇಲುಗೊಬ್ಬರ, ಕೆಲವು ಸಾಲಿಗೆ ಅರ್ಧ ಕೊಟ್ಟು, ಕಾಳು ಒಣಗಿಸಿ ತೂಗಿ. ಇದನ್ನೇ ಹೊಲದ ಇನ್ನೊಂದು ಕಡೆಯೂ ಮಾಡಿ. ತಿಪ್ಪೆ ಇದ್ದ ಜಾಗ, ಹಿಂದೆ ಹೆಸರು ಅಥವಾ ಕಡಲೆ ತೆಗೆದ ತುಂಡು ಮಾತ್ರ ಬೇಡ, ಅಲ್ಲಿ ಎಲ್ಲ ತಳಿಯೂ ಹಸಿರಾಗೇ ಕಾಣುತ್ತವೆ.