ರಾಜಾಸಾರಸ್‌ ಟಿರನೋಸಾರಸ್‌ನ ನೆಂಟನೇ?

ಪ್ರಶ್ನೆ: ರಾಜಾಸಾರಸ್‌, ಟಿರನೋಸಾರಸ್‌ ಈ ಎರಡು ಡೈನೋಸಾರ್‌ಗಳಿಗೂ ದೊಡ್ಡ ತಲೆ, ಗಿಡ್ಡ ಕೈ. ಆದರೂ ಬೇರೆ ಬೇರೆ ಗುಂಪು ಎನ್ನುತ್ತಾರಲ್ಲ, ಮೂಳೆಯಲ್ಲಿ ಏನನ್ನು ನೋಡಿ?

ಉತ್ತರ: ರಾಜಾಸಾರಸ್‌ನ ಕೈಮೂಳೆ ಸಿಕ್ಕೇ ಇಲ್ಲ. 1982–84ರಲ್ಲಿ ಗುಜರಾತಿನ ರಹಿಯೋಲಿಯಲ್ಲಿ ಸಿಕ್ಕಿದ್ದು ಮಿದುಳನ್ನು ಸುತ್ತುವರಿದ ತಲೆಮೂಳೆ, ಬೆನ್ನು, ಸೊಂಟ, ಹಿಂಗಾಲು, ಬಾಲದ ಭಾಗಗಳು. ಹೆಸರಿಟ್ಟದ್ದು 2003ರಲ್ಲಿ. ಚಿತ್ರಗಳಲ್ಲಿ ಕಾಣುವ ಗಿಡ್ಡ ಕೈ, ಅರ್ಜೆಂಟೀನಾದ ಕಾರ್ನೋಟಾರಸ್‌ನಂಥ ಬಂಧುಗಳನ್ನು ನೋಡಿ ಬಿಡಿಸಿದ್ದು.

ಥೆರೋಪಾಡ್ ಎಂದರೆ ಎರಡು ಕಾಲಲ್ಲಿ ನಡೆಯುವ, ಬಹುಪಾಲು ಮಾಂಸಾಹಾರಿ ಡೈನೋಸಾರ್. ದೊಡ್ಡ ಥೆರೋಪಾಡ್‌ಗಳನ್ನು ಕಾರ್ನೋಸಾರ್, ಸಣ್ಣವನ್ನು ಸೀಲುರೋಸಾರ್ ಎಂದು ವಿಂಗಡಿಸುತ್ತಿದ್ದ ಕಾಲವಿತ್ತು. ಗಾತ್ರವನ್ನು ನಂಬಿದ್ದರಿಂದ ಟಿರನೋಸಾರಸ್‌ ತಪ್ಪು ಗುಂಪಿಗೆ ಹೋಗಿತ್ತು. ಈಗ ಅದು ಹಕ್ಕಿಗಳಿರುವ ಸೀಲುರೋಸಾರ್ ಕವಲಿನಲ್ಲೇ ಇದೆ. ಜಬಲ್‌ಪುರದ ಇಂಡೋಸುಕಸ್‌ಗೆ 1933ರಲ್ಲಿ ಹೆಸರಿಟ್ಟ ಮೇಲೆ ಕೆಲವರು ಅದನ್ನು ಟಿರನೋಸಾರ್‌ಗಳ ಜೊತೆ ಸೇರಿಸಿದ್ದರು. 1985ರಲ್ಲಿ ಅರ್ಜೆಂಟೀನಾದಿಂದ ಅಬೆಲಿಸಾರಸ್‌ನ ವಿವರ ಪ್ರಕಟವಾದ ನಂತರವೇ ಇಂಡೋಸುಕಸ್‌ನ ನಿಜವಾದ ಬಳಗ ಅಬೆಲಿಸಾರಿಡ್ ಎಂದು ತಿಳಿದದ್ದು.

ರಾಜಾಸಾರಸ್‌, ಕಾರ್ನೋಟಾರಸ್‌ ಸೇರುವ ಅಬೆಲಿಸಾರಿಡ್‌ ಗುಂಪಿನವುಗಳ ಮುಖ ಗಿಡ್ಡ, ಎತ್ತರ, ಮುಖದ ಮೂಳೆಗಳ ಹೊರಮೈ ಒರಟು, ಹಣೆಮೂಳೆ ದಪ್ಪ. ಕೊಂಬನ್ನಂತೂ ಹತ್ತಿರದಿಂದ ನೋಡಬೇಕು: ಕಾರ್ನೋಟಾರಸ್‌ಗೆ ಹಣೆಮೂಳೆಯಿಂದ ಎದ್ದ ಎರಡು ಕೊಂಬು, ರಾಜಾಸಾರಸ್‌ಗೆ ಮೂಗಿನ ಮೂಳೆಯೂ ಹಣೆಮೂಳೆಯೂ ಕೂಡಿದ ಒಂದೇ ತಗ್ಗು ಕೊಂಬು. ಕೊಂಬು ಇದೆಯೋ ಇಲ್ಲವೋ ಎಂದಷ್ಟೇ ಬರೆದುಕೊಂಡರೆ ಈ ಅಮೂಲ್ಯ ವ್ಯತ್ಯಾಸ ಕೈತಪ್ಪುತ್ತದೆ. ಟಿರನೋಸಾರಸ್‌ನಲ್ಲಿ ಮೂಗಿನ ಜೋಡಿಮೂಳೆಗಳು ಬೆಸೆದುಕೊಂಡಿರುತ್ತವೆ, ಮೇಲ್ದವಡೆಯ ತುದಿಯ ಹಲ್ಲುಗಳನ್ನು ಅಡ್ಡ ಕತ್ತರಿಸಿದರೆ ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರ. ಪಾದದಲ್ಲಿ ನಡುವಿನ ಉದ್ದಮೂಳೆ ಮೇಲ್ತುದಿಯಲ್ಲಿ ಅಕ್ಕಪಕ್ಕದ ಮೂಳೆಗಳ ನಡುವೆ ಹಿಸುಕಿದಂತೆ ಸಣ್ಣಗಾಗುತ್ತದೆ. ಆದರೆ ಇಂಥ ಪಾದ ಆರ್ನಿಥೋಮಿಮಿಡ್‌, ಟ್ರೂಡಾಂಟಿಡ್‌ ಎಂಬ ಬೇರೆ ಥೆರೋಪಾಡ್ ಗುಂಪುಗಳಿಗೂ ಇದೆ. ಹಾಗಾಗಿ ಒಂದೇ ಲಕ್ಷಣ ನೆಚ್ಚಿ ತೀರ್ಮಾನ ಕೊಡಬಾರದು; ತಲೆ, ಬೆನ್ನು, ಸೊಂಟ, ಕಾಲು ಒಂದೇ ಮಾತು ಹೇಳಬೇಕು.

ಇದನ್ನೆಲ್ಲ ಕೋಷ್ಟಕದಲ್ಲಿ ತುಂಬುತ್ತಾರೆ: ಲಕ್ಷಣ ಇದ್ದರೆ 1, ಇಲ್ಲದಿದ್ದರೆ 0, ಮೂಳೆಯೇ ಸಿಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ. ಸಿಗದ ಮೂಳೆಗೆ 0 ಹಾಕಿದರೆ ಪ್ರಾಣಿ ಬೇರೆಯೇ ಕವಲಿಗೆ ಜಾರಬಹುದು. ರಾಜಾಸಾರಸ್‌ನ ಕೈಬೆರಳಿನ ಸಾಲುಗಳಲ್ಲಿ ಪ್ರಶ್ನೆಚಿಹ್ನೆ ಮಾತ್ರ ಇರಬೇಕು. ಮರಿ ಯಾವುದು, ಬೆಳೆದದ್ದು ಯಾವುದು ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು: ಬೆನ್ನುಮೂಳೆಯ ಕೆಳಗಿನ ದಿಮ್ಮಿಗೂ ಮೇಲಿನ ಕಮಾನಿಗೂ ನಡುವಿನ ಗೆರೆ ಇನ್ನೂ ಮುಚ್ಚಿಲ್ಲದಿದ್ದರೆ ಅದರ ಕೊಂಬು, ಬೆಸುಗೆಗಳನ್ನು ಬೆಳೆದ ಪ್ರಾಣಿಯದರ ಜೊತೆ ಹೋಲಿಸುವುದು ನ್ಯಾಯವಲ್ಲ.

ಪ್ರಶ್ನೆ: ಒಂಟಿ ಹಲ್ಲಿನಿಂದ ಗುಂಪು ಹೇಳಬಹುದೇ?

ಉತ್ತರ: ಬಹುಮಟ್ಟಿಗೆ ‘ಥೆರೋಪಾಡ್’ ಎನ್ನುವವರೆಗೆ ಮಾತ್ರ. ದವಡೆಯ ಮುಂದಿನ ಹಲ್ಲಿಗೂ ಪಕ್ಕದ ಹಲ್ಲಿಗೂ ಆಕಾರ ಬೇರೆ, ಆದ್ದರಿಂದ ಅದರ ಜಾಗವನ್ನು ಮೊದಲು ಊಹಿಸಬೇಕು. ವರ್ನಿಯರ್ ಕ್ಯಾಲಿಪರ್‌ನಲ್ಲಿ ಎತ್ತರ, ಬುಡದ ಉದ್ದ, ಬುಡದ ಅಗಲ ಅಳೆಯಿರಿ. ಹಲ್ಲಿನ ನಡುಭಾಗದಲ್ಲಿ 5 ಮಿಲಿಮೀಟರಿಗೆ ಎಷ್ಟು ಗರಗಸದ ಕಚ್ಚುಗಳಿವೆ ಎಂದು ಮುಂದಿನ ಅಂಚು, ಹಿಂದಿನ ಅಂಚು ಎರಡರಲ್ಲೂ ಬೇರೆ ಬೇರೆಯಾಗಿ ಎಣಿಸಿ. ಪುಟ್ಟ ಹಲ್ಲಾದರೆ 1 ಮಿಲಿಮೀಟರಿನಲ್ಲಿ ಎಣಿಸಿ. ಹಿಂದಿನ ಅಂಚು ಒಳಬಾಗದೆ ಬಹುತೇಕ ನೇರವಾಗಿದ್ದರೆ ಅಬೆಲಿಸಾರಿಡ್ ಇರಬಹುದೆಂಬ ಅನುಮಾನಕ್ಕೆ ಆಧಾರವಿದೆ. ಸವೆದ ಅಂಚಿನಲ್ಲಿ ಮಾತ್ರ ಎಣಿಸಲು ಹೋಗಬೇಡಿ, ಆ ಲೆಕ್ಕ ಸುಳ್ಳು ಬರುತ್ತದೆ.