ಹುವಾ ಹಿನ್‌ನಲ್ಲಿ ಇಳಿಯಬೇಡಿ, ಪ್ರಚುವಾಪ್ ಊರಿನವರೆಗೆ ಹೋಗಿ

ಥಾಯ್ಲೆಂಡಿನ ಪ್ರಚುವಾಪ್ ಖಿರಿ ಖಾನ್ ಪ್ರಾಂತ್ಯದಲ್ಲಿ ಐದು ದಿನ ಕಳೆಯುವಷ್ಟು ನೋಡುವಂಥದ್ದು ಇದೆಯೇ, ಒಂಬತ್ತು ವರ್ಷದ ಮಗಳಿಗೂ ಮಂಡಿನೋವಿರುವ ತಾಯಿಗೂ ಅಲ್ಲಿನ ಯಾವ ಕಡಲತೀರ ಹೊಂದುತ್ತದೆ, ದಸರಾ ರಜೆಯಲ್ಲಿ ಹೋಗಬಹುದೇ ಅಥವಾ ಜನವರಿಯವರೆಗೆ ಕಾಯಬೇಕೇ, ಸಸ್ಯಾಹಾರಕ್ಕೆ ತೊಂದರೆಯಾಗುತ್ತದೆಯೇ ಎಂದು ಕೇಳಿದ್ದೀರಿ. ಕೆಲಸದ ನಿಮಿತ್ತ ನಾನು ಆರು ವರ್ಷ ಬ್ಯಾಂಕಾಕಿನಲ್ಲಿದ್ದೆ. ಆಗ ಈ ಪ್ರಾಂತ್ಯಕ್ಕೆ ಹಲವು ಸಲ, ಒಮ್ಮೆ ನನ್ನ ತಂದೆ-ತಾಯಿಯನ್ನೂ ಕರೆದುಕೊಂಡು, ಹೋಗಿ ಬಂದಿದ್ದೇನೆ. ಐದು ದಿನಕ್ಕೆ ಸಾಕಾಗಿ ಮಿಗುವಷ್ಟು ಅಲ್ಲಿದೆ. ಆದರೆ ಪ್ರಾಂತ್ಯದ ಉತ್ತರ ಭಾಗದ ಹುವಾ ಹಿನ್ ಊರಿನಲ್ಲಿ ಕೋಣೆ ಹಿಡಿದು, ಉಳಿದ ಜಾಗಗಳನ್ನು ದಿನಕ್ಕೊಂದರಂತೆ ಕಾರಿನಲ್ಲಿ ಸುತ್ತಿ ಬರುವ ಯೋಜನೆ ಹಾಕಿಕೊಳ್ಳಬೇಡಿ ಎಂದು ನಿಮ್ಮಲ್ಲಿ ವಿನಂತಿ. ಅಲ್ಲಿಂದ ಸುಮಾರು 90 ಕಿ.ಮೀ. ದಕ್ಷಿಣದಲ್ಲಿ, ಪ್ರಾಂತ್ಯದ ಹೆಸರನ್ನೇ ಹೊತ್ತ ಒಂದು ಶಾಂತವಾದ ಪಟ್ಟಣವಿದೆ. ಕನಿಷ್ಠ ಮೂರು ರಾತ್ರಿ ಅಲ್ಲಿ ತಂಗಿರಿ.

ಮೊದಲು ಋತುವಿನ ವಿಚಾರ, ಏಕೆಂದರೆ ನಮ್ಮ ಕಡೆಯವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಪುಕೆಟ್, ಕ್ರಾಬಿಗಳು ಅಂಡಮಾನ್ ಸಮುದ್ರದ ಕಡೆಗಿವೆ. ಅಲ್ಲಿ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ, ನಮ್ಮ ಮುಂಗಾರಿನ ಕಾಲದಲ್ಲಿಯೇ, ಮಳೆ ಸುರಿಯುತ್ತದೆ. ಪ್ರಚುವಾಪ್ ಇರುವುದು ಥಾಯ್ಲೆಂಡ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ. ಇಲ್ಲಿ ಮಳೆ ಬಿರುಸಾಗುವುದು ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ. ಡಿಸೆಂಬರಿನಲ್ಲಿ ಮಳೆ ಇಳಿದರೂ ಈಶಾನ್ಯದ ಗಾಳಿಗೆ ಅಲೆಗಳು ಏಳುತ್ತಿರುತ್ತವೆ. ಆದ್ದರಿಂದ ದಸರಾ ರಜೆಯನ್ನು ಕೈಬಿಟ್ಟು ಜನವರಿ ಕೊನೆಯ ವಾರದಿಂದ ಮಾರ್ಚ್‌ವರೆಗಿನ ಯಾವುದಾದರೂ ವಾರವನ್ನು ಆರಿಸಿಕೊಳ್ಳಿ. ಏಪ್ರಿಲಿನಲ್ಲಿ ಸಮುದ್ರ ಶಾಂತವಾಗಿರುತ್ತದೆ, ಆದರೆ ಬಿಸಿಲು ವಿಪರೀತ. ಅದರ ಜೊತೆಗೆ 13ರಿಂದ 15ರವರೆಗೆ ಅವರ ಹೊಸವರ್ಷದ ಸೊಂಗ್‌ಕ್ರಾನ್ ಹಬ್ಬ ಬರುವುದರಿಂದ ರೈಲುಗಳಲ್ಲಿ ಜಾಗ ಸಿಗುವುದು ಕಷ್ಟ.

ಪ್ರಾಂತ್ಯದ ಆಕಾರವನ್ನು ಒಮ್ಮೆ ನಕಾಶೆಯಲ್ಲಿ ನೋಡಿಕೊಂಡರೆ ಮುಂದಿನದ್ದೆಲ್ಲ ಸುಲಭವಾಗುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಚಾಚಿಕೊಂಡಿರುವ ಈ ನೆಲದ ಒಂದು ಅಂಚಿನಲ್ಲಿ ಕಡಲು, ಇನ್ನೊಂದು ಅಂಚಿನಲ್ಲಿ ತೆನಾಸ್ಸೆರಿಮ್ ಬೆಟ್ಟಸಾಲು, ಅದರಾಚೆ ಮ್ಯಾನ್ಮಾರ್. ಪಟ್ಟಣಕ್ಕೆ ತುಸು ದಕ್ಷಿಣದಲ್ಲಿ ಕಡಲಿನಿಂದ ಗಡಿಯವರೆಗಿನ ಅಗಲ ಸುಮಾರು 12 ಕಿ.ಮೀ. ಮಾತ್ರ; ಥಾಯ್ಲೆಂಡಿನ ಅತ್ಯಂತ ಕಿರಿದಾದ ಭಾಗಗಳಲ್ಲಿ ಅದೂ ಒಂದು. ಅಲ್ಲಿರುವ ಸಿಂಗ್ಖೊನ್ ಕಣಿವೆಯ ಮೂಲಕವೇ ಹಿಂದಿನ ಕಾಲದಲ್ಲಿ ಕೋರಮಂಡಲ ತೀರದ ವರ್ತಕರು ಮೆರ್ಗುಯಿ ಬಂದರಿನಲ್ಲಿ ಇಳಿದು, ಬೆಟ್ಟ ದಾಟಿ, ಈ ಕರಾವಳಿ ಹಿಡಿದು ಅಯುತ್ಥಯಾ ರಾಜಧಾನಿಯನ್ನು ಸೇರುತ್ತಿದ್ದರು. ಪ್ರಾಂತ್ಯದ ಹೆಸರಿನಲ್ಲಿರುವ ‘ಖಿರಿ’ ನಮ್ಮ ‘ಗಿರಿ’ಯೇ, ‘ಖಾನ್’ ಎಂದು ಕೇಳಿಸುವುದು ‘ಸ್ಕಂಧ’ದ ಪಾಳಿ ರೂಪ. ಬೆಟ್ಟಗಳ ಸಮೂಹ ಎಂಬ ಈ ಅರ್ಥ ರೈಲಿನ ಕಿಟಕಿಯ ಬಳಿ ಕುಳಿತ ಯಾರಿಗಾದರೂ ತಾನಾಗಿಯೇ ಹೊಳೆಯುತ್ತದೆ. ಬ್ಯಾಂಕಾಕಿನಿಂದ ರೈಲಿನಲ್ಲಿಯೇ ಹೋಗಿ ಎಂದು ನಾನು ಹೇಳುವುದಕ್ಕೆ ಅದೂ ಒಂದು ಕಾರಣ. ದಕ್ಷಿಣ ಮಾರ್ಗದ ರೈಲು ನಾಲ್ಕೂವರೆ-ಐದು ಗಂಟೆಗಳಲ್ಲಿ ನಿಮ್ಮನ್ನು ಪ್ರಚುವಾಪ್ ನಿಲ್ದಾಣದಲ್ಲಿ ಇಳಿಸುತ್ತದೆ, ಅಲ್ಲಿಂದ ಕಡಲು ಕಾಲ್ನಡಿಗೆಯ ದೂರದಲ್ಲಿದೆ.

ಪಟ್ಟಣದ ಮುಂದಿರುವ ಕೊಲ್ಲಿ, ಅಂದರೆ ಆವೊ ಪ್ರಚುವಾಪ್, ಈಜುವುದಕ್ಕಿಂತ ನೋಡುವುದಕ್ಕೆ ಚೆಂದ. ಎರಡೂ ತುದಿಗಳಲ್ಲಿ ಸುಣ್ಣಕಲ್ಲಿನ ಗುಡ್ಡಗಳು, ನಡುವೆ ಮೀನುಗಾರರ ದೋಣಿಗಳು, ಕತ್ತಲಾದ ಮೇಲೆ ದಿಗಂತದಲ್ಲಿ ಸ್ಕ್ವಿಡ್ (ಬೊಂಡಾಸ) ಹಿಡಿಯುವವರ ಹಸಿರು ದೀಪಗಳ ಸಾಲು. ಕಡಲು ಪೂರ್ವಕ್ಕಿರುವುದರಿಂದ ಇಲ್ಲಿ ಸೂರ್ಯ ನೀರಿನಿಂದಲೇ ಮೇಲೇಳುತ್ತಾನೆ. ನಿಮ್ಮ ತಾಯಿಯವರು ಬೆಳಿಗ್ಗೆ ಬೇಗ ಏಳುವವರಾಗಿದ್ದರೆ ತೀರದ ರಸ್ತೆಗೆ ಮುಖಮಾಡಿದ ಕೋಣೆಯನ್ನು ಹಿಡಿಯಿರಿ. ಊರಿನ ಉತ್ತರಕ್ಕಿರುವ ಖಾವೊ ಚೊಂಗ್ ಕ್ರಚೊಕ್ ಗುಡ್ಡಕ್ಕೆ 396 ಮೆಟ್ಟಿಲುಗಳಿವೆ. ಮೇಲಿನಿಂದ ಕಾಣುವ ಮೂರು ಕೊಲ್ಲಿಗಳ ನೋಟ ನಿಜಕ್ಕೂ ದೊಡ್ಡದು, ಆದರೆ ತಾಯಿಯವರನ್ನು ಹತ್ತಿಸಬೇಡಿ. ಮಗಳ ಜೊತೆ ನೀವು ಹತ್ತುವಾಗಲೂ ಕೈಯಲ್ಲಿ ತಿಂಡಿಯಾಗಲಿ ಚೀಲವಾಗಲಿ ಇಟ್ಟುಕೊಳ್ಳಬೇಡಿ, ಮೆಟ್ಟಿಲುಗಳ ಉದ್ದಕ್ಕೂ ಇರುವ ಕೋತಿಗಳು ಕಸಿದುಕೊಳ್ಳುತ್ತವೆ.

ನಿಮ್ಮ ಮಗಳಿಗೂ ತಾಯಿಯವರಿಗೂ ಏಕಕಾಲಕ್ಕೆ ಹೊಂದುವ ತೀರ ಯಾವುದು ಎಂಬುದಕ್ಕೆ ನನ್ನ ಉತ್ತರ ಆವೊ ಮನಾವೊ. ಮನಾವೊ ಎಂದರೆ ನಿಂಬೆ. ಪಟ್ಟಣದಿಂದ ಕೆಲವೇ ಕಿಲೋಮೀಟರ್ ದಕ್ಷಿಣದಲ್ಲಿ, ಕುದುರೆಲಾಳದಂತೆ ಬಾಗಿರುವ ಈ ಕೊಲ್ಲಿ ಥಾಯ್ ವಾಯುಪಡೆಯ ನೆಲೆಯೊಳಗೆ ಇದೆ. ಗೇಟಿನಲ್ಲಿ ಹೆಸರು ಬರೆಸಿ, ವಿಮಾನಗಳ ಓಡುದಾರಿಯನ್ನೇ ದಾಟಿ ಒಳಗೆ ಹೋಗಬೇಕು, ಪಾಸ್‌ಪೋರ್ಟ್ ಜೊತೆಗಿರಲಿ. ಸೇನೆಯ ನೆಲವಾದ್ದರಿಂದ ತೀರದ ಉದ್ದಕ್ಕೂ ಹೋಟೆಲುಗಳು ಎದ್ದಿಲ್ಲ, ಗದ್ದಲವಿಲ್ಲ. ಗಾಳಿಮರಗಳ ನೆರಳಿನಲ್ಲಿ ಬಾಡಿಗೆ ಕುರ್ಚಿಗಳು ಸಿಗುತ್ತವೆ. ವಾರಾಂತ್ಯದಲ್ಲಿ ಥಾಯ್ ಕುಟುಂಬಗಳು ಅಜ್ಜ-ಅಜ್ಜಿ, ಮೊಮ್ಮಕ್ಕಳ ಸಮೇತ ಬಂದು ಇಡೀ ದಿನ ಕಳೆಯುತ್ತವೆ. ನೀರು ಬಹಳ ದೂರದವರೆಗೆ ಮೊಣಕಾಲಿನಷ್ಟೇ ಆಳ. ಇಳಿತದ ಹೊತ್ತಿನಲ್ಲಿ ಮರಳಿನ ಮೇಲೆ ಮಗು ಓಡಾಡುವಾಗ ಪ್ರತಿ ಕ್ಷಣವೂ ಎದ್ದು ನಿಂತು ನೋಡುವ ಆತಂಕ ಇಲ್ಲಿ ಇರುವುದಿಲ್ಲ.

ಕೊಲ್ಲಿಯ ತುದಿಯಲ್ಲಿರುವ ಖಾವೊ ಲೊಮ್ ಮುವಾಕ್ ಗುಡ್ಡದ ಬುಡದಲ್ಲಿ ಒಂದು ಬಗೆಯ ಮುಸುವಗಳಿವೆ. ಕಪ್ಪು ಮುಖದಲ್ಲಿ ಕಣ್ಣಿನ ಸುತ್ತ ಕನ್ನಡಕ ತೊಟ್ಟಂತೆ ಬಿಳಿಯ ಉಂಗುರ, ಮರಿಗಳಾದರೆ ಅಚ್ಚ ಹೊಂಬಣ್ಣ. ಪಟ್ಟಣದ ಗುಡ್ಡದ ಕೋತಿಗಳಂತೆ ಇವು ಮೈಮೇಲೆ ಬೀಳುವುದಿಲ್ಲ. ಮಗಳಿಗೆ ಇವನ್ನು ತೋರಿಸುವುದನ್ನು ಮರೆಯಬೇಡಿ. ಅಲ್ಲಿಯೇ ಒಂದು ಯುದ್ಧಸ್ಮಾರಕವಿದೆ, ಅದರ ಮುಂದೆ ನೀವೂ ಸ್ವಲ್ಪ ಹೊತ್ತು ನಿಲ್ಲಬೇಕು. 1941ರ ಡಿಸೆಂಬರ್ 8ರ ನಸುಕಿನಲ್ಲಿ ಜಪಾನಿನ ಸೈನಿಕರು ಇದೇ ತೀರಗಳಲ್ಲಿ ಇಳಿದರು. ಕದನವಿರಾಮದ ಆದೇಶ ಸಂಪರ್ಕ ಕಡಿದ ಈ ನೆಲೆಗೆ ತಲುಪದೇ ಇದ್ದುದರಿಂದ, ದೇಶದ ಉಳಿದೆಡೆ ಬಂದೂಕುಗಳು ಮೌನವಾದ ಮೇಲೂ ಇಲ್ಲಿನ ಪುಟ್ಟ ಪಡೆ ಮರುದಿನ ಮಧ್ಯಾಹ್ನದವರೆಗೆ ಹೋರಾಡಿತು. ಮಕ್ಕಳು ಮರಳಿನ ಮನೆ ಕಟ್ಟುವ ಜಾಗದಲ್ಲಿಯೇ ಅದು ನಡೆಯಿತೆಂಬುದನ್ನು ತಿಳಿದ ಮೇಲೆ ಆ ಕೊಲ್ಲಿಯನ್ನು ನಾನು ಮೊದಲಿನಂತೆ ನೋಡಲಾಗಲಿಲ್ಲ.

ಇನ್ನೂ ನೀಳವಾದ, ತೆಂಗಿನ ಸಾಲಿನ ತೀರ ಬೇಕೆನಿಸಿದರೆ ಸುಮಾರು 70 ಕಿ.ಮೀ. ದಕ್ಷಿಣದ ಬಾನ್ ಕ್ರುಟ್‌ಗೆ ಒಂದು ರಾತ್ರಿಯ ಮಟ್ಟಿಗೆ ಹೋಗಿ. ಅದು ಇಂದಿಗೂ ಹಾಗೆಯೇ ಉಳಿದಿರುವುದು ಆಕಸ್ಮಿಕವಲ್ಲ: ಈ ಭಾಗದಲ್ಲಿ ಮತ್ತು ಬೊ ನೊಕ್‌ನಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳನ್ನು ಕಟ್ಟುವ ಯೋಜನೆ ಬಂದಾಗ ಹಳ್ಳಿಗರು ವರ್ಷಗಟ್ಟಲೆ ಹೋರಾಡಿ ಅದನ್ನು ಹಿಮ್ಮೆಟ್ಟಿಸಿದರು. ಆ ಹೋರಾಟದ ಮುಂದಾಳು ಚರೋನ್ ವಟ್-ಅಕ್ಸೊರ್ನ್ ಅವರನ್ನು 2004ರಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಬಾನ್ ಕ್ರುಟ್‌ನ ಗುಡ್ಡದ ಮೇಲೆ ಒಂಬತ್ತು ಶಿಖರಗಳ ಚೈತ್ಯವೊಂದಿದೆ, ಮೇಲಿನವರೆಗೂ ವಾಹನ ಹೋಗುವುದರಿಂದ ತಾಯಿಯವರೂ ನೋಡಬಹುದು.

ಈ ಪ್ರಾಂತ್ಯದ ಚಿತ್ರಗಳಲ್ಲಿ ನೀವು ಖಂಡಿತ ನೋಡಿರುವ ಗುಹೆ, ಫ್ರಯಾ ನಖೊನ್, ಹುವಾ ಹಿನ್ ಮತ್ತು ಪ್ರಚುವಾಪ್‌ಗಳ ನಡುವಿನ ಖಾವೊ ಸಾಮ್ ರೊಯ್ ಯೊಟ್ ರಾಷ್ಟ್ರೀಯ ಉದ್ಯಾನದಲ್ಲಿದೆ. ‘ಮುನ್ನೂರು ಶಿಖರಗಳ ಬೆಟ್ಟ’ ಎಂದು ಅದರ ಅರ್ಥ. 1966ರಲ್ಲಿ ಸ್ಥಾಪನೆಯಾದ ಇದು ಥಾಯ್ಲೆಂಡಿನ ಮೊದಲ ಕರಾವಳಿ ರಾಷ್ಟ್ರೀಯ ಉದ್ಯಾನ. ಗುಹೆಯ ಚಾವಣಿ ಎಂದೋ ಕುಸಿದು ಆಕಾಶಕ್ಕೆ ತೆರೆದುಕೊಂಡಿದೆ, ಒಳಗೆ ಮರಗಳು ಬೆಳೆದಿವೆ, ಆ ಮರಗಳ ನಡುವೆ ದಿಬ್ಬವೊಂದರ ಮೇಲೆ ನಾಲ್ಕು ಮುಖಗಳ ಮಂಟಪವಿದೆ. 1890ರಲ್ಲಿ ರಾಜ ಚುಲಾಲೊಂಗ್‌ಕೊರ್ನ್ ಭೇಟಿಗಾಗಿ ಅದನ್ನು ಬ್ಯಾಂಕಾಕಿನಲ್ಲಿ ತಯಾರಿಸಿ, ಬಿಡಿಭಾಗಗಳಾಗಿ ತಂದು ಇಲ್ಲಿ ಜೋಡಿಸಿದರು. ಮಂಟಪದ ಹೆಸರು ‘ಖೂಹಾ’ ಎಂದು ಆರಂಭವಾಗುತ್ತದೆ. ಅದು ನಮ್ಮ ‘ಗುಹೆ’ಯೇ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೊಂದೂವರೆಯವರೆಗೆ ಬಿಸಿಲಿನ ಕೋಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಮೊದಲ ಸಲ ನಾನು ಊಟ ಮುಗಿಸಿ ಒಂದು ಗಂಟೆಗೆ ತಲುಪಿದ್ದೆ. ಮಂಟಪ ನೆರಳಿನಲ್ಲಿ ಬೂದು ಬಣ್ಣಕ್ಕೆ ತಿರುಗಿತ್ತು. ಎರಡನೆಯ ಸಲ ಸಮಯಕ್ಕೆ ಸರಿಯಾಗಿ ಹೋದಾಗ, ನೋಡುತ್ತಿದ್ದಂತೆಯೇ ಮಂಟಪದ ತುದಿಯಿಂದ ಕೆಳಗೆ ಚಿನ್ನದ ಬಣ್ಣ ಇಳಿದು ಬಂತು, ಅಲ್ಲಿದ್ದ ಇಪ್ಪತ್ತು-ಮೂವತ್ತು ಜನರ ಮಾತು ನಿಂತುಹೋಯಿತು.

ಅಲ್ಲಿಗೆ ಹೋಗುವ ಕ್ರಮ ಹೀಗಿದೆ. ಬಾಂಗ್ ಪು ಹಳ್ಳಿಯಿಂದ ಗುಡ್ಡದ ಮೂತಿಯನ್ನು ನಡೆದು ದಾಟಬಹುದು ಅಥವಾ ದೋಣಿಯಲ್ಲಿ ಸುತ್ತಿ ಲೇಮ್ ಸಾಲಾ ತೀರಕ್ಕೆ ಇಳಿಯಬಹುದು. ಅಲ್ಲಿಂದ ಗುಹೆಗೆ ಇರುವ ದಾರಿ ಕೇವಲ 430 ಮೀಟರ್ ಉದ್ದದ್ದಾದರೂ ಕಲ್ಲುಗಳ ಮೇಲಿನ ಕಡಿದಾದ ಏರು. ಮಂಡಿನೋವಿದ್ದರೆ ಸಾಧ್ಯವಿಲ್ಲ ಎಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ನನ್ನ ತಾಯಿ ದೋಣಿಯಲ್ಲಿ ಬಂದು ಲೇಮ್ ಸಾಲಾದ ಮರಗಳ ಕೆಳಗೆ ಕುಳಿತಿದ್ದರು, ಆ ತೀರ ಅವರಿಗೆ ಬಹಳ ಹಿಡಿಸಿತ್ತು. ಅದೇ ಉದ್ಯಾನದ ಇನ್ನೊಂದು ಮಗ್ಗುಲಿನಲ್ಲಿ, ಬುಂಗ್ ಬುವಾ ಎಂಬಲ್ಲಿ, ಸಿಹಿನೀರಿನ ಜೌಗು ಪ್ರದೇಶದ ಮೇಲೆ ಮರದ ಹಲಗೆಯ ದಾರಿಯಿದೆ. ಕಮಲದ ಎಲೆಗಳು, ನೀರಹಕ್ಕಿಗಳು, ಹಿಂದೆ ನೇರವಾಗಿ ಎದ್ದುನಿಂತ ಬೆಟ್ಟಗಳು; ಮೆಟ್ಟಿಲಿಲ್ಲದೆ, ಏರಿಲ್ಲದೆ ತಾಯಿಯವರು ನಿಧಾನವಾಗಿ ನಡೆಯಬಹುದಾದ ಜಾಗ.

ಕುಯಿ ಬುರಿ ರಾಷ್ಟ್ರೀಯ ಉದ್ಯಾನದಲ್ಲಿ ಮಧ್ಯಾಹ್ನದ ನಂತರ ಸ್ಥಳೀಯ ಮಾರ್ಗದರ್ಶಕರ ಪಿಕಪ್ ವಾಹನಗಳಲ್ಲಿ ಕಾಡಾನೆ ಮತ್ತು ಕಾಡುಕೋಣಗಳನ್ನು ನೋಡಬಹುದು. ಅನಾನಸ್ ತೋಟಗಳು ಕಾಡನ್ನು ತಿಂದಾಗ ಆನೆಗಳು ತೋಟಕ್ಕೆ ಇಳಿದು, ಕೊನೆಗೆ ಆನೆಗಳ ಸಾವಿನವರೆಗೆ ಹೋಗಿದ್ದ ಸಂಘರ್ಷವನ್ನು ರಾಜ ಭೂಮಿಬೋಲ್ ಅವರ ಯೋಜನೆಯಡಿ ಕಾಡಿನೊಳಗೇ ಮೇವು-ನೀರು ಒದಗಿಸಿ ತಗ್ಗಿಸಿದ ಜಾಗ ಅದು.

ಹುವಾ ಹಿನ್‌ಗೆ ಅರ್ಧ ದಿನ ಸಾಕು. ಹಳೆಯ ಮರದ ರೈಲು ನಿಲ್ದಾಣವನ್ನು ನೋಡಿ. 2023ರ ಡಿಸೆಂಬರಿನಿಂದ ರೈಲುಗಳು ಪಕ್ಕದ ಎತ್ತರಿಸಿದ ಹೊಸ ನಿಲ್ದಾಣಕ್ಕೆ ಬರುತ್ತವೆ, ಹಳೆಯದನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. 1932ರ ಜೂನ್ 24ರಂದು ನಿರಂಕುಶ ಅರಸೊತ್ತಿಗೆ ಕೊನೆಗೊಂಡ ಸುದ್ದಿ ಬಂದಾಗ ರಾಜ ಪ್ರಜಾಧಿಪೊಕ್ ತಂಗಿದ್ದದ್ದು ಈ ಊರಿನ ಕ್ಲಾಯ್ ಕಂಗ್ವೊನ್ ಅರಮನೆಯಲ್ಲಿ. ಆ ಹೆಸರಿನ ಅರ್ಥ ‘ಚಿಂತೆಗಳಿಂದ ದೂರ’.

ಊಟದ ವಿಷಯದಲ್ಲಿ ಎಚ್ಚರ ಬೇಕು, ಭಯ ಬೇಡ. ತರಕಾರಿ ಮಾತ್ರ ಎಂದು ಹೇಳಿದರೂ ಮೀನಿನ ರಸವಾದ ನಾಮ್ ಪ್ಲಾ ಅಥವಾ ಸಿಗಡಿಯ ಮುದ್ದೆಯಾದ ಕಪಿ ಅದರಲ್ಲಿ ಸೇರಿರುತ್ತದೆ. ‘ಮಂಗ್ಸವಿರತ್’ ಎಂಬ ಅವರ ಶಬ್ದ ‘ಮಾಂಸವಿರತಿ’ಯೇ ಆದರೂ ಅದಕ್ಕಿಂತ ‘ಜೇ’ ಎನ್ನುವುದು ಖಚಿತ. ಜೇ ಅಡುಗೆಯಲ್ಲಿ ಮೀನಿನ ರಸವೂ ಇಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದಿರುವ ಅಂಗಡಿಯನ್ನು ಹುಡುಕಿ. ಇನ್ನು ಅನಾನಸ್ ಈ ಪ್ರಾಂತ್ಯದ ಮುಖ್ಯ ಬೆಳೆ, ಎಲ್ಲೆಡೆ ಸಿಗುತ್ತದೆ.

ಕೊನೆಗೆ ಒಂದು ಜಾಗ, ಬಹುತೇಕ ಪ್ರವಾಸಿಗರು ಬಿಟ್ಟುಬಿಡುವುದು, ಆದರೆ ನಾನು ಜಮಖಂಡಿಯವನಾದ್ದರಿಂದ ನನಗೆ ಅತ್ಯಂತ ಪ್ರಿಯವಾದುದು. ಪಟ್ಟಣದಿಂದ ಸುಮಾರು 12 ಕಿ.ಮೀ. ದಕ್ಷಿಣಕ್ಕೆ ವಾ ಕೊ ಎಂಬ ಸಾಧಾರಣ ಕಡಲತೀರವಿದೆ. ಖಗೋಳಶಾಸ್ತ್ರವನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದ ರಾಜ ಮೊಂಗ್‌ಕುಟ್, 1868ರ ಆಗಸ್ಟ್ 18ರಂದು ಸೂರ್ಯನ ಪೂರ್ಣಗ್ರಹಣ ಇಲ್ಲಿ ಕಾಣುವುದೆಂದು ತಾನೇ ಲೆಕ್ಕ ಹಾಕಿ, ಕಾಡು ಕಡಿಸಿ ಬಿಡಾರ ಹೂಡಿ, ಫ್ರೆಂಚ್ ವಿಜ್ಞಾನಿಗಳನ್ನೂ ಸಿಂಗಾಪುರದ ಬ್ರಿಟಿಷ್ ಗವರ್ನರನ್ನೂ ಕರೆಸಿಕೊಂಡ. ಲೆಕ್ಕ ಸರಿಯಾಗಿತ್ತು. ಆದರೆ ಆ ಜೌಗಿನಲ್ಲಿ ತಗುಲಿದ ಮಲೇರಿಯಾದಿಂದ ಅವನು ಅಕ್ಟೋಬರ್ 1ರಂದು ತೀರಿಕೊಂಡ. ಜೊತೆಗಿದ್ದು ತಾನೂ ಜ್ವರಕ್ಕೆ ಬಿದ್ದು ಬದುಕಿದ ಮಗ ಹದಿನೈದನೆಯ ವಯಸ್ಸಿಗೆ ಪಟ್ಟವೇರಿದ. ಫ್ರಯಾ ನಖೊನ್ ಗುಹೆಗೆ 1890ರಲ್ಲಿ ಬಂದ ಚುಲಾಲೊಂಗ್‌ಕೊರ್ನ್ ಅವನೇ. ಥಾಯ್ಲೆಂಡಿನಲ್ಲಿ ಆಗಸ್ಟ್ 18 ಇಂದು ರಾಷ್ಟ್ರೀಯ ವಿಜ್ಞಾನ ದಿನ. ವಾ ಕೊದಲ್ಲಿ ಮೊಂಗ್‌ಕುಟ್ ಹೆಸರಿನ ವಿಜ್ಞಾನ ಉದ್ಯಾನವೂ, ನಿಮ್ಮ ಮಗಳು ಒಂದು ಗಂಟೆಯಾದರೂ ಬಿಟ್ಟು ಬಾರದ ಮತ್ಸ್ಯಾಗಾರವೂ ಇವೆ.

ಆ ಗ್ರಹಣದ ನೆರಳು ಪಶ್ಚಿಮದಿಂದ ಪೂರ್ವಕ್ಕೆ ಸಾಗಿತ್ತು. ವಾ ಕೊಗೆ ಬರುವ ಮೊದಲು, ಅದೇ ದಿನ ಬೆಳಿಗ್ಗೆ, ಅದು ವಿಜಯಪುರ ಮತ್ತು ಜಮಖಂಡಿಗಳ ಮೇಲೆ ಹಾದುಹೋಗಿತ್ತು; ಜಮಖಂಡಿಯಲ್ಲಿ ಬ್ರಿಟಿಷ್ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಮೋಡಗಳ ಬಿರುಕಿನಲ್ಲಿ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕವನ್ನು ಸೂರ್ಯನತ್ತ ಹಿಡಿದು, ಅದರ ಜ್ವಾಲೆಗಳ ಬೆಳಕಿನಲ್ಲಿ ಹೊಳೆಯುವ ಗೆರೆಗಳನ್ನು ಕಂಡ. ನಮ್ಮೂರಿನ ಆಕಾಶವನ್ನು ಕತ್ತಲು ಮಾಡಿದ ಆ ನೆರಳೇ ಬಂಗಾಳ ಕೊಲ್ಲಿಯನ್ನು ದಾಟಿ, ಮೊಂಗ್‌ಕುಟ್ ಕಾಯುತ್ತಿದ್ದ ಈ ಮರಳಿನ ಮೇಲೆ ಆರೂವರೆ ನಿಮಿಷಕ್ಕೂ ಹೆಚ್ಚು ಹೊತ್ತು ನಿಂತಿತ್ತು. ನನ್ನ ತಂದೆಗೆ ಇದನ್ನು ಅಲ್ಲಿಯೇ ನಿಂತು ಹೇಳಿದಾಗ ಅವರು ಚಪ್ಪಲಿ ಕಳಚಿ ನೀರಿನವರೆಗೆ ನಡೆದು ಹೋಗಿ, ಬಹಳ ಹೊತ್ತು ಪಶ್ಚಿಮದ ಬೆಟ್ಟಗಳ ಕಡೆಗೆ ನೋಡುತ್ತಿದ್ದರು. ಪಟ್ಟಣದಿಂದ ಆವೊ ಮನಾವೊಗೆ ಹೋಗುವ ದಿನವೇ ಮಧ್ಯಾಹ್ನ ಇದನ್ನೂ ಸೇರಿಸಿಕೊಳ್ಳಬಹುದು. ಹೋಗಿ ಬರಲು ಒಂದು ಗಾಡಿಯನ್ನು ಗೊತ್ತು ಮಾಡಿಕೊಂಡರೆ ತಾಯಿಯವರಿಗೂ ಆಯಾಸವಾಗುವುದಿಲ್ಲ.